ಗೋಡೆಯಾಚೆಯ ಗೊಂಚಲು ಹೀರೆ

ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ತರಕಾರಿಯ ವಿಷಯಕ್ಕೆ ಪರಮಶಿವಯ್ಯನವರ ಮಾತೇ ಕೊನೆಯ ಮಾತು. ಮಾರ್ಕೆಟ್ಟಿನಿಂದ ಚೀಲ ಹಿಡಿದು ಬರುವವರನ್ನು ಅವರು ಗೇಟಿನ ಹತ್ತಿರವೇ ತಡೆಯುತ್ತಿದ್ದರು. ಚೀಲದೊಳಗೆ ಕೈ ಹಾಕಿ ಒಂದು ಬದನೆಕಾಯಿ ಎತ್ತಿ, ತೊಟ್ಟು ಚಿವುಟಿ ನೋಡಿ, "ಇದು ಮೊನ್ನೇದು" ಎಂದು ತೀರ್ಪು ಕೊಟ್ಟು ವಾಪಸು ಹಾಕುತ್ತಿದ್ದರು. ತಂದವರ ಮುಖ ಸಪ್ಪಗಾದರೆ ಅವರಿಗೆ ಆ ದಿನದ ಕಾಫಿ ಇನ್ನಷ್ಟು ರುಚಿ. ಕೆಟ್ಟ ಮನುಷ್ಯರೇನಲ್ಲ. ತಮಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿರಬಾರದು ಎಂಬ ಒಂದು ಸಣ್ಣ ಆಸೆ ಇತ್ತು, ಅಷ್ಟೇ.

ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯನ್ನು ಐವತ್ತೆಂಟನೇ ವಯಸ್ಸಿಗೆ ತಮ್ಮನಿಗೆ ವಹಿಸಿ ಹಿತ್ತಲು ಹಿಡಿದವರು ಅವರು. ಹಿತ್ತಲು ದೊಡ್ಡದೇನಲ್ಲ, ಆರು ಮಂಚ ಹಾಕಿದರೆ ತುಂಬಿಹೋಗುವಷ್ಟು ಮಣ್ಣು. ಅದರಲ್ಲೇ ಹೂಕೋಸು, ನವಿಲುಕೋಸು, ಗುಂಡು ಬದನೆ, ತಂತಿಗೆ ಹಬ್ಬಿಸಿದ ಹಾಗಲ. ಸೀರೆ ಅಳೆಯುತ್ತಿದ್ದ ಟೇಪಿನಲ್ಲೇ ಸಾಲಿನಿಂದ ಸಾಲಿಗೆ ಅಳತೆ ಹಿಡಿದು ಸಸಿ ನೆಡುತ್ತಿದ್ದರು. ಬೀಜ ಮಾತ್ರ ಅಂಗಡಿಯ ಪ್ಯಾಕೆಟ್ಟಿನದೇ ಆಗಬೇಕು. ಯಾರೋ ಮಡಿಲಲ್ಲಿ ಕಟ್ಟಿಕೊಂಡು ತಂದ ಊರ ಬೀಜವನ್ನು ಅವರು ಮುಟ್ಟಿದವರಲ್ಲ. ಬಡಾವಣೆಯ ಕೈತೋಟದ ಸಂಘದವರು ಪ್ರತಿವರ್ಷ ಗಣೇಶನ ಹಬ್ಬ ಕಳೆದ ಮೇಲೆ ಹಿತ್ತಲು ಹಿತ್ತಲು ನೋಡಿ ಕೊಡುತ್ತಿದ್ದ ಕಪ್ ಆರು ವರ್ಷದಿಂದ ಬೇರೆ ಮನೆ ಕಂಡಿರಲಿಲ್ಲ. ಆರೂ ಕಪ್ಪುಗಳು ಶೋಕೇಸಿನಲ್ಲಿ ಜರಿ ಬಟ್ಟೆಯ ತುಂಡಿನ ಮೇಲೆ ಕೂತಿದ್ದವು.

ಅವರ ಇನ್ನೊಂದು ಹೆಮ್ಮೆ ವಿಭೂತಿ. ಅಂಗಡಿಯ ವಿಭೂತಿಯಲ್ಲಿ ಸುಣ್ಣ ಬೆರೆಸುತ್ತಾರೆ ಎಂದು ಅವರ ಅಜ್ಜಿ ಯಾವ ಕಾಲದಲ್ಲೋ ಹೇಳಿದ್ದಳಂತೆ. ಅವತ್ತಿನಿಂದ ಆ ಮನೆಯಲ್ಲಿ ವರ್ಷದ ವಿಭೂತಿಯನ್ನು ಶಿವರಾತ್ರಿಗೆ ಮನೆಯಲ್ಲೇ ಮಾಡಿಕೊಳ್ಳುವ ಪದ್ಧತಿ. ಹಾಲಿನ ಮುನಿರಾಮಪ್ಪ ತನ್ನ ನಾಟಿ ಹಸುವಿನ ಸಗಣಿಯಲ್ಲಿ ಇಪ್ಪತ್ತೊಂದು ಸಣ್ಣ ಬೆರಣಿ ತಟ್ಟಿ ತಂದುಕೊಡುತ್ತಿದ್ದ. ಪರಮಶಿವಯ್ಯನವರು ಅವನ್ನು ತಾರಸಿಯ ಮೇಲೆ ಒಣಗಿಸಿ, ಹೊಟ್ಟಿನ ನಡುವೆ ಜೋಡಿಸಿ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಗಟ್ಟಿ ಕಟ್ಟುತ್ತಿದ್ದರು. ಈ ಕೆಲಸಕ್ಕೆ ಹೆಂಡತಿ ಶೈಲಜಮ್ಮನನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಪಕ್ಕದ ಮನೆ ವರದರಾಜ ಅಯ್ಯಂಗಾರ್ ಅವರದು. ಅವರು ಬ್ಯಾಂಕಿನಲ್ಲಿ ಅಧಿಕಾರಿ, ಹೆಂಡತಿ ಗೋದಾ. ಇವರ ಹಿತ್ತಲಲ್ಲಿ ಒಂದು ತುಳಸಿಕಟ್ಟೆ, ಬಟ್ಟೆ ಒಣಗಿಸುವ ಹಗ್ಗ, ಮುರಿದ ಕುರ್ಚಿ. ಪರಮಶಿವಯ್ಯನವರಿಗೆ ಆ ಹಿತ್ತಲಿನ ಮೇಲೆ ಬಹಳ ಪ್ರೀತಿ. ಅದರ ಪಕ್ಕದಲ್ಲಿ ತಮ್ಮದು ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಗೋದಾ ಅವರ ಬಚ್ಚಲುಮನೆಗೆ ಗೀಸರ್ ಬಂತು. ಹಳೆಯ ಹಂಡೆ ಒಲೆಯನ್ನು ಒಡೆದು ಇಟ್ಟಿಗೆ, ಮಸಿ, ಮಣ್ಣು ಎಲ್ಲವನ್ನೂ ಕೆಲಸದವರು ಹಿತ್ತಲಿನ ಮೂಲೆಗೆ, ಸರಿಯಾಗಿ ಪರಮಶಿವಯ್ಯನವರ ಕಾಂಪೌಂಡ್ ಗೋಡೆಯ ಬುಡಕ್ಕೆ ಸುರಿದು ಹೋದರು. ಆ ಕಸ ನೋಡಿ ಇವರು ಮೂಗು ಮುರಿದರು. ಜೂನ್ ಮಳೆ ಎರಡು ಬಿದ್ದ ಮೇಲೆ ಆ ಕಸದೊಳಗಿಂದ ಒಂದು ಬಳ್ಳಿ ಎದ್ದಿತು. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಆಗಸ್ಟ್ ಹೊತ್ತಿಗೆ ಅದು ಮುರಿದ ಕುರ್ಚಿ ಹತ್ತಿ, ಹಗ್ಗ ಹಿಡಿದು, ಗೋಡೆ ಏರಿ, ಈ ಕಡೆಗೂ ನಾಲ್ಕು ಕುಡಿ ಇಳಿಬಿಟ್ಟು ಮೈತುಂಬ ಹಳದಿ ಹೂವಾಗಿ ನಿಂತಿತ್ತು.

ಹೀರೆ ಎಂದು ಎಲೆಯಲ್ಲೇ ಗೊತ್ತಾಯಿತು. ಆದರೆ ಕಾಯಿ ಕಚ್ಚಿದಾಗ ಪರಮಶಿವಯ್ಯನವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೀರೆ ಎಂದರೆ ಒಂದು ಗೆಣ್ಣಿಗೆ ಒಂದು ಕಾಯಿ, ಮೊಳದುದ್ದ ಜೋತುಬೀಳುವಂಥದು. ಇಲ್ಲಿ ಒಂದೊಂದು ಗೆಣ್ಣಿಗೂ ಐದು, ಆರು, ಕೆಲವು ಕಡೆ ಏಳು ಕಾಯಿ. ಬೆರಳುದ್ದದ ಗುಂಡು ಕಾಯಿಗಳು, ತಿಳಿ ಹಸಿರು, ಏಣು ಇದೆಯೋ ಇಲ್ಲವೋ ಎನ್ನುವಷ್ಟು ನಯ, ಗೊಂಚಲು ಗೊಂಚಲಾಗಿ ಮೇಲೆ ನೋಡುತ್ತಿದ್ದವು. ಅರವತ್ತೈದು ವರ್ಷದಲ್ಲಿ ಅವರು ಇಂಥದನ್ನು ಕಂಡಿರಲಿಲ್ಲ.

"ಏನಮ್ಮ ಇದು?" ಎಂದು ಗೋಡೆಯ ಮೇಲಿಂದ ಕೇಳಿದರು. ಕೇಳುವಾಗಲೇ ಯಾಕಾದರೂ ಕೇಳಿದೆನೋ ಅನ್ನಿಸಿತು.

ಗೋದಾ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು ಗೊಂಚಲು ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು.

"ನಮ್ಮತ್ತೇದು ಯಜಮಾನ್ರೇ, ಗೊಂಚಲು ಹೀರೆ. ಮದುವೆಯಾಗಿ ಬರೋವಾಗ ಮೇಲುಕೋಟೆ ಕಡೆಯಿಂದ ತಂದಿದ್ರಂತೆ. ಅವ್ರು ಹೋದ್ಮೇಲೆ ಬೀಜಾನೂ ಹೋಯ್ತು ಅಂದ್ಕೊಂಡಿದ್ದೆ. ಹಂಡೆ ಒಲೆ ಹಿಂದೆ ಎಲ್ಲೋ ಇಟ್ಟಿದ್ರು ಅಂತ ಕಾಣತ್ತೆ."

"ಓ, ಇದಾ. ನೋಡಿದೀನಿ ನೋಡಿದೀನಿ" ಎಂದರು ಪರಮಶಿವಯ್ಯನವರು. ಅವರ ಬಾಯಲ್ಲಿ ತರಕಾರಿಯ ವಿಷಯಕ್ಕೆ ಬಂದ ಮೊದಲ ಸುಳ್ಳು ಅದು.

ಅವತ್ತು ಶುರುವಾಯಿತು ಹೊಟ್ಟೆಕಿಚ್ಚು. ಅವರಿಗೆ ಹಾಗೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಅದರ ಹೆಸರು ಅದೇ. ತಾವು ಬೆಳಗ್ಗೆ ಐದಕ್ಕೆ ಎದ್ದು ಒಂದೊಂದು ಹುಳವನ್ನೂ ಕೈಯಲ್ಲಿ ಹೆಕ್ಕಿ ಬೆಳೆಸುವುದೇನು, ಈಕೆ ಕಸದಲ್ಲಿ ಎಸೆದದ್ದು ಇಂಥ ಸೊಬಗಿನಲ್ಲಿ ಬರುವುದೇನು! ಬಳ್ಳಿಗೂ ಯಾರ ಮನೆಯಲ್ಲಿ ಹುಟ್ಟಬೇಕು ಎಂದು ಒಂದು ಬುದ್ಧಿ ಬೇಡವೇ? ನವಿಲುಕೋಸಿಗೆ ನೀರು ಹಾಕುತ್ತ ನಿಂತರೆ ಕಣ್ಣು ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ತಮ್ಮ ನವಿಲುಕೋಸು ಅವರಿಗೆ ಯಾರೋ ಬಿಸಾಡಿದ ಚೆಂಡಿನ ಹಾಗೆ ಕಾಣತೊಡಗಿತು.

ಗೋದಾ ಮೊದಲ ಕೊಯ್ಲಿನ ಕಾಯಿಯನ್ನು ಇಡಿಯಾಗಿಯೇ ಹಾಕಿ ಗೊಜ್ಜು ಮಾಡಿ ಒಂದು ಬಟ್ಟಲು ಕಳಿಸಿದರು. ಪರಮಶಿವಯ್ಯನವರು ತಟ್ಟೆಯ ಪಕ್ಕಕ್ಕೆ ತಳ್ಳಿ, "ಕಹಿ ಇರತ್ತೆ ಅದು" ಎಂದರು.

"ಬಾಯಿಗೇ ಇಟ್ಟಿಲ್ಲ, ಕಹಿ ಅಂತ ಹೆಂಗೆ ಗೊತ್ತಾಯ್ತು?" ಎಂದರು ಶೈಲಜಮ್ಮ.

"ನೋಡಿದ್ರೆ ಗೊತ್ತಾಗತ್ತೆ."

ಮಧ್ಯಾಹ್ನ ಹೆಂಡತಿ ಒರಗಿದ್ದಾಗ ಅಡುಗೆಮನೆಗೆ ಹೋಗಿ ನಿಂತುಕೊಂಡೇ ಬಟ್ಟಲು ಖಾಲಿ ಮಾಡಿ ಬೆರಳು ನೆಕ್ಕಿದರು. ಬಾಯಲ್ಲಿ ಬೆಣ್ಣೆಯ ಹಾಗೆ ಕರಗಿತು. ಅದಕ್ಕೆ ಇನ್ನೂ ಸಿಟ್ಟು ಬಂತು.

ಸೆಪ್ಟೆಂಬರಿನಲ್ಲಿ ಕೈತೋಟದ ಸಂಘದವರು ಬಂದರು. ತೀರ್ಪುಗಾರರು ಶಿವರುದ್ರಪ್ಪ ಮೇಷ್ಟ್ರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಪರಮಶಿವಯ್ಯನವರು ಹೂಕೋಸಿನ ಹತ್ತಿರ ನಿಂತು ವಿವರಿಸುತ್ತಿದ್ದರು. ಮೇಷ್ಟ್ರು "ಹ್ಞೂ, ಹ್ಞೂ" ಎನ್ನುತ್ತಲೇ ಗೋಡೆಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತುಬಿಟ್ಟರು.

"ರೀ ಪರಮಶಿವಯ್ಯ, ಇದು ಎಲ್ಲಿತ್ತು ರೀ? ಮೂವತ್ತು ವರ್ಷದಿಂದ ಹುಡುಕ್ತಿದೀನಿ ನಾನು. ಪುಸ್ತಕದಲ್ಲಿ ನೋಡಿದ್ದು ಬಿಟ್ರೆ ಕಣ್ಣಲ್ಲಿ ಕಂಡಿಲ್ಲ."

ಅಲ್ಲಿಗೆ ಮುಗಿಯಿತು. ಇಡೀ ಗುಂಪು ಪಕ್ಕದ ಗೇಟಿಗೆ ಹೋಯಿತು. ಪತ್ರಿಕೆಯವನೊಬ್ಬ ಬಂದು ಗೋದಾ ಅವರನ್ನು ಬಳ್ಳಿಯ ಕೆಳಗೆ ನಿಲ್ಲಿಸಿ ಫೋಟೋ ತೆಗೆದ. ಕಪ್ ಮಾತ್ರ ಏಳನೇ ಸಲವೂ ಪರಮಶಿವಯ್ಯನವರಿಗೇ ಬಂತು, ಯಾಕೆಂದರೆ ಗೋದಾ ಸ್ಪರ್ಧೆಗೆ ಹೆಸರೇ ಕೊಟ್ಟಿರಲಿಲ್ಲ. ಕಪ್ ಹಿಡಿದು ಮನೆಗೆ ಬರುವಾಗ ದಾರಿಯಲ್ಲಿ ಮೂವರು ಸಿಕ್ಕರು. ಮೂವರೂ ಕೇಳಿದ್ದು, "ನಿಮ್ಮ ಪಕ್ಕದ್ಮನೇಲಿ ಅದೇನೋ ಹೀರೇಕಾಯಂತೆ?"

ಆ ಬೀಜ ಬೇಕು. ಒಂದೇ ಒಂದು ಸಾಲು ತಮ್ಮ ಹಿತ್ತಲಲ್ಲಿ, ತಮ್ಮ ತಂತಿಯ ಮೇಲೆ, ಅಳತೆ ಹಿಡಿದು ಬೆಳೆಸಿದರೆ ಊರು ಕಸದ ಬಳ್ಳಿಯನ್ನು ಮರೆತು ಇತ್ತ ನೋಡುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಇದೇ ಯೋಚನೆ. ಆದರೆ ಗೋದಾ ಅವರ ಎದುರು ನಿಂತು "ನಾಲ್ಕು ಬೀಜ ಕೊಡಿ" ಎನ್ನಲು ನಾಲಿಗೆ ಏಳದು. ಮಾರ್ಕೆಟ್ಟಿನ ಬೀಜದಂಗಡಿಗೆ ಹೋಗಿ ವಿಚಾರಿಸಿದರು. ಅಂಗಡಿಯವನು, "ಗೊಂಚಲು ಬಿಡೋ ಹೀರೇನಾ? ದ್ರಾಕ್ಷಿ ಬಳ್ಳಿ ನೋಡಿರ್ತೀರ ಸ್ವಾಮಿ" ಎಂದು ನಕ್ಕುಬಿಟ್ಟ.

ಒಂದು ಮಧ್ಯಾಹ್ನ, ಎರಡೂ ಮನೆಯ ಹೆಂಗಸರು ಜೊತೆಯಾಗಿ ದೇವಸ್ಥಾನಕ್ಕೆ ಹೋಗಿದ್ದಾಗ, ಪರಮಶಿವಯ್ಯನವರು ತಮ್ಮ ಕಡೆ ಇಳಿಬಿದ್ದಿದ್ದ ಒಂದು ಗೊಂಚಲನ್ನು ಕತ್ತರಿಸಿಕೊಂಡರು. ನನ್ನ ಕಡೆ ಬಂದದ್ದು ನನ್ನದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಟ್ರಂಕಿನ ಹಿಂದೆ ಮುಚ್ಚಿಟ್ಟು ವಾರ ಬಿಟ್ಟು ಸೀಳಿ ನೋಡಿದರೆ ಒಳಗೆ ಬೀಜ ಬಲಿತಿರಲಿಲ್ಲ, ಬೆಳ್ಳಗೆ ನೆನೆದ ಕಾಗದದ ಹಾಗೆ ಇತ್ತು. ಎಳೆಯ ಕಾಯಿಯಲ್ಲಿ ಬೀಜ ಹುಡುಕಿದ ತಮ್ಮ ಪೆದ್ದುತನಕ್ಕೆ ಅವರು ಗೋದಾ ಅವರನ್ನೇ ಬೈದುಕೊಂಡರು.

ಬಳ್ಳಿಯ ನಡುಮಧ್ಯದ ಏಳು ಕಾಯಿಯ ಒಂದು ಗೊಂಚಲಿಗೆ ಗೋದಾ ಹಳದಿ ಬಟ್ಟೆಯ ಚೂರು ಕಟ್ಟಿದ್ದರು. ಅದು ಬೀಜಕ್ಕೆ ಬಿಟ್ಟದ್ದು. ಡಿಸೆಂಬರಿನಲ್ಲಿ ಬಳ್ಳಿ ಒಣಗಿ, ಆ ಏಳು ಕಾಯಿಗಳು ಕಂದುಬಣ್ಣಕ್ಕೆ ತಿರುಗಿ ಗಾಳಿಗೆ ಗಲಗಲ ಅನ್ನತೊಡಗಿದವು. ಹಿತ್ತಲಲ್ಲಿ ಕೂತ ಪರಮಶಿವಯ್ಯನವರಿಗೆ ಆ ಸದ್ದು ತಮ್ಮನ್ನು ಆಡಿಕೊಳ್ಳುವಂತೆ ಕೇಳುತ್ತಿತ್ತು.

"ಯಜಮಾನ್ರೇ, ಭಾನುವಾರ ಬೀಜ ತೆಗೀತೀನಿ. ನಮ್ಮತ್ತೆ ಅದನ್ನ ಇಡೋ ರೀತೀನೇ ಬೇರೆ. ಬನ್ನಿ, ನಿಮಗೆ ತೋರಿಸ್ತೀನಿ" ಎಂದು ಗೋದಾ ಕರೆದರು.

ತೋರಿಸುತ್ತಾಳಂತೆ. ಕೊಡುತ್ತೇನೆ ಎನ್ನಲಿಲ್ಲ, ತೋರಿಸುತ್ತೇನೆ ಎಂದಳು. ಪರಮಶಿವಯ್ಯನವರಿಗೆ ಮೈ ಉರಿಯಿತು.

"ಭಾನುವಾರ ನಂಗೆ ಬೇರೆ ಕೆಲಸ ಇದೆಯಮ್ಮ."

ಆ ಭಾನುವಾರ ಅವರು ಯಾವ ಕೆಲಸವೂ ಇಲ್ಲದೆ ವಿಶ್ವೇಶ್ವರಪುರದ ತನಕ ನಡೆದು, ಹಸಿವಿಲ್ಲದೆ ಎರಡು ದೋಸೆ ತಿಂದು ಬಂದರು.

ಸಂಕ್ರಾಂತಿ ಕಳೆದು ವಾರಕ್ಕೆ ವರದರಾಜ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಟರು. ಹೊರಡುವ ದಿನ ಗೋದಾ ಹೇಳಿಹೋಗಲು ಬಂದಾಗ ಪರಮಶಿವಯ್ಯನವರು ಬೇಕೆಂದೇ ಸ್ನಾನದ ಮನೆ ಸೇರಿ ಲಾರಿ ಹೋದ ಸದ್ದು ಕೇಳುವ ತನಕ ಮೈಮೇಲೆ ನೀರು ಸುರಿದುಕೊಂಡರು. ಹೊರಗೆ ಬಂದು ಗೋಡೆಯಾಚೆ ಇಣುಕಿದರು. ಹಗ್ಗದ ಮೇಲೆ ಒಣಗಿದ ಬಳ್ಳಿ ಇತ್ತು, ಕಾಯಿ ಇರಲಿಲ್ಲ. ಒಂದು ಬೀಜವನ್ನೂ ಬಿಡದೆ ಹೊತ್ತುಕೊಂಡು ಹೋದಳಲ್ಲ ಎಂದು ಹಲ್ಲು ಕಡಿದರು.

"ಏನೂಂದ್ರೆ, ಗೋದಾ ಅವ್ರು ನಿಮಗೆ ಅಂತ..." ಎಂದು ಶೈಲಜಮ್ಮ ಶುರು ಮಾಡಿದರು.

"ಆ ಮನೆ ಸುದ್ದಿ ನನ್ನ ಹತ್ರ ತೆಗೀಬೇಡ."

"ಅಲ್ಲ, ಒಂದ್ಸಲ ಕೇಳಿ..."

"ಬೇಡ ಅಂದ್ನಲ್ಲ!"

ಊಟಕ್ಕೆ ಬಡಿಸುವಾಗ ಮತ್ತೆ ಬಾಯಿ ತೆರೆದರು. ಇವರು ತಟ್ಟೆ ಬಿಟ್ಟು ಎದ್ದರು. ಶೈಲಜಮ್ಮನವರಿಗೂ ಮಾನ ಇಲ್ಲವೇ? ಹೇಗೂ ಮಳೆಗಾಲಕ್ಕೆ ತಾನೇ ಬೇಕಾಗುವುದು, ಈ ಮನುಷ್ಯನ ಮುಖದ ಊತ ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡರು. ಗೋದಾ ಕೊಟ್ಟ ಕಾಗದದ ಪೊಟ್ಟಣ ಬಿಚ್ಚಿ, "ಗಾಳಿ ಆಡೋ ಕಡೆ ಇಡಿ, ನೀರು ತಾಗದೇ ಇರ್ಲಿ" ಎಂದು ಅವರು ಹೇಳಿದ್ದಂತೆ, ಒಳಗಿದ್ದುದನ್ನು ತಾರಸಿಯ ಮಾಡಿನ ಕೆಳಗೆ ಇಟ್ಟುಬಂದು ಮರೆತರು.

ಫೆಬ್ರವರಿಯಲ್ಲಿ ಮುನಿರಾಮಪ್ಪ ತಂದ ಬೆರಣಿಗಳೂ ಅದೇ ತಾರಸಿಯಲ್ಲಿ ಒಣಗಿದವು. ಶಿವರಾತ್ರಿಯ ಹಿಂದಿನ ದಿನ ಬೆಳಗ್ಗೆ ಪರಮಶಿವಯ್ಯನವರು ಸ್ನಾನ ಮಾಡಿ, ಮಡಿ ಉಟ್ಟು, ಬುಟ್ಟಿ ಹಿಡಿದು ಹೋಗಿ ಎಲ್ಲವನ್ನೂ ಹೆಕ್ಕಿಕೊಂಡರು. ಎಣಿಸಿದರೆ ಇಪ್ಪತ್ತೆರಡು. ಒಂದು ಉಳಿದವಕ್ಕಿಂತ ಸ್ವಲ್ಪ ದೊಡ್ಡದು, ಅಂಗೈಯಗಲ, ದುಂಡಗೆ, ಅಂಚು ತೀಡಿ ನಯ ಮಾಡಿದ್ದು. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರಿಗೆ ಖುಷಿಯಾಯಿತು. ಇಷ್ಟು ವರ್ಷಕ್ಕೆ ಮುನಿರಾಮಪ್ಪ ಬೆರಣಿ ತಟ್ಟುವುದು ಕಲಿತ ಎಂದುಕೊಂಡು, ಗುಡ್ಡೆಯ ನೆತ್ತಿಯ ಮೇಲೆ ಅದನ್ನೇ ಇಟ್ಟು, ಸುತ್ತ ಹೊಟ್ಟು ಸುರಿದು, ಕರ್ಪೂರ ಹಚ್ಚಿದರು.

ಬೆಂಕಿ ಮೇಲೇರಿದಾಗ ನೆತ್ತಿಯಿಂದ ಚಟ್ ಚಟ್ ಎಂದು ಸದ್ದಾಯಿತು. ಹೊಟ್ಟಿನಲ್ಲಿ ಭತ್ತದ ಕಾಳು ಉಳಿದಿರಬೇಕು ಎಂದು ಅವರು ಪಂಚಾಕ್ಷರಿ ಜಪ ಮುಂದುವರಿಸಿದರು. ಮಾರನೆಯ ದಿನ ಬೂದಿ ಸೋಸುವಾಗ ಬಟ್ಟೆಯಲ್ಲಿ ಒಂದಿಷ್ಟು ಕರಿಯ ಸಿಪ್ಪೆ ಉಳಿಯಿತು. ಅದನ್ನು ಕೊಡವಿ ಬಾಳೆಯ ಬುಡಕ್ಕೆ ಹಾಕಿದರು. ಆ ವರ್ಷದ ವಿಭೂತಿ ಹಿಂದೆಂದೂ ಇಲ್ಲದಷ್ಟು ಬೆಳ್ಳಗೆ ಬಂತು. ನಾಲ್ಕು ಮನೆಗೆ ಹಂಚಿದರು.

ಜೂನ್ ಮೊದಲ ವಾರ ಹುಬ್ಬಳ್ಳಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಹೆಸರು ಪರಮಶಿವಯ್ಯನವರದೇ.

"ಪರಮಶಿವಯ್ಯನವರಿಗೆ ಗೋದಾ ಮಾಡುವ ನಮಸ್ಕಾರಗಳು. ಇಲ್ಲಿ ನಮಗೆ ಎರಡನೇ ಮಹಡಿಯ ಮನೆ, ಒಂದು ಹಿಡಿ ಮಣ್ಣಿಲ್ಲ. ಅಲ್ಲಿ ಮಳೆ ಶುರುವಾಗಿರಬೇಕು. ಶೈಲಜಮ್ಮನವರ ಹತ್ತಿರ ಕೊಟ್ಟಿದ್ದ ಬೆರಣಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಬಿಡಿಸಿದರೆ ಬೀಜ ಸಿಗುತ್ತದೆ. ಹುಳ ಬೀಳದಿರಲಿ ಎಂದು ನಮ್ಮತ್ತೆ ಸಗಣಿಯಲ್ಲಿ ತಟ್ಟಿಯೇ ಇಡುತ್ತಿದ್ದರು. ಏಳು ಕಾಯಿಯ ಬೀಜವೂ ಅದರಲ್ಲೇ ಇದೆ, ನನಗೆಂದು ಒಂದನ್ನೂ ಇಟ್ಟುಕೊಂಡಿಲ್ಲ. ಬಿತ್ತುವವರ ಕೈಯಲ್ಲೇ ಬೀಜ ಇರಬೇಕು ಎನ್ನುತ್ತಿದ್ದರು ಅತ್ತೆ. ಶಿವರುದ್ರಪ್ಪ ಮೇಷ್ಟ್ರು ಕೇಳಿದರೆ ನಾಲ್ಕು ನೀವೇ ಕೊಡಿ. ಆ ಬಳ್ಳಿಯನ್ನು ಎಷ್ಟೋ ಜನ ಬಂದು ನೋಡಿದರು. ನಿಮ್ಮ ಹಾಗೆ ದಿನವೂ ಗೋಡೆಯ ಹತ್ತಿರ ನಿಂತು ಅಷ್ಟು ಆಸೆಯಿಂದ ನೋಡಿದವರು ಯಾರೂ ಇಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದೇನೆ. ಅದಕ್ಕೇ ನಿಮಗೆ ಕೊಟ್ಟೆ."

ಪರಮಶಿವಯ್ಯನವರು ಎರಡು ಸಲ ಓದಿದರು.

"ಏನೇ, ಗೋದಮ್ಮ ಒಂದು ಬೆರಣಿ ಕೊಟ್ಟಿದ್ರಾ?"

"ಕೊಟ್ಟಿದ್ರಲ್ಲ! ಹೇಳಕ್ಕೆ ಬಂದ್ರೆ ತಟ್ಟೆ ಬಿಟ್ಟು ಎದ್ದೋದ್ರಿ. ತಾರಸಿ ಮೇಲೆ ಇಟ್ಟಿದೀನಿ, ಇರಿ" ಎಂದು ಶೈಲಜಮ್ಮ ಮೆಟ್ಟಿಲು ಹತ್ತಿದರು. ಮೇಲಿಂದ ಕೂಗಿದರು, "ಇಲ್ಲೇ ಇಟ್ಟಿದ್ದೆ ಕಣ್ರೀ! ಮಾಡಿನ ಕೆಳಗೆ, ನಿಮ್ಮ ವಿಭೂತಿ ಬೆರಣಿ ಒಣಗ್ತಿತ್ತಲ್ಲ, ಅದರ ಪಕ್ಕದಲ್ಲೇ..."

ಅವರು ಬರಿಗೈಯಲ್ಲಿ ಮೆಟ್ಟಿಲಿಳಿದು ಬಂದರು.

ಪರಮಶಿವಯ್ಯನವರಿಗೆ ಇಪ್ಪತ್ತೆರಡು ಎಂಬ ಲೆಕ್ಕ ನೆನಪಾಯಿತು. ಚಟ್ ಚಟ್ ಎಂದ ಸದ್ದು ನೆನಪಾಯಿತು. ಕೈ ತಾನಾಗಿ ಹಣೆಗೆ ಹೋಯಿತು, ಮುಟ್ಟಲು ಧೈರ್ಯವಾಗದೆ ಹಾಗೇ ಕೆಳಗಿಳಿಯಿತು. ಬಾಳೆಯ ಬುಡಕ್ಕೆ ಹೋಗಿ ಮೊಣಕಾಲೂರಿ ಸಂಜೆಯ ತನಕ ಮಣ್ಣು ಕೆದಕಿದರು. ಏನೂ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತರು. ಆ ಗೊಜ್ಜನ್ನು ಎಲ್ಲರೆದುರು ತಿಂದು ಚೆನ್ನಾಗಿದೆ ಎಂದಿದ್ದರೆ, ಆ ಭಾನುವಾರ ಗೋಡೆಯಾಚೆ ಹೋಗಿ ಹತ್ತು ನಿಮಿಷ ನಿಂತಿದ್ದರೆ, ಹೆಂಡತಿಯ ಒಂದು ಮಾತು ಪೂರ್ತಿ ಕೇಳಿದ್ದರೆ ಸಾಕಿತ್ತು.

ನಡೆದದ್ದನ್ನು ಬರೆಯಲು ಕೂತು ಮೂರು ಕಾರ್ಡು ಹರಿದರು. ನಾಲ್ಕನೆಯದರಲ್ಲಿ, ಬೆರಣಿಯನ್ನು ವಿಭೂತಿಗೆ ಸುಟ್ಟುಬಿಟ್ಟೆ, ತಪ್ಪು ನನ್ನದು, ಶೈಲಜಳದಲ್ಲ ಎಂದು ಬರೆದು ಅಂಚೆಗೆ ಹಾಕಿದರು. ಉತ್ತರ ಬರಲಿಲ್ಲ. ಆ ವರ್ಷ ಸ್ಪರ್ಧೆಗೆ ಹೆಸರು ಕೊಡಲಿಲ್ಲ. ಮೇಷ್ಟ್ರು ಬಂದು ಬೀಜ ಕೇಳಿದರೆ ಏನೆನ್ನುವುದು? ವಿಭೂತಿಯನ್ನು ಮಾತ್ರ ಬಿಸಾಡಲಿಲ್ಲ. ಬೇರೆ ತರಿಸೋಣವೇ ಎಂದು ಶೈಲಜಮ್ಮ ಕೇಳಿದಾಗ ಬೇಡ ಎಂದರು. ದಿನಾ ಬೆಳಗ್ಗೆ ಅದನ್ನೇ ತೇಯ್ದು ಮೂರು ಗೆರೆ ಎಳೆದುಕೊಳ್ಳುತ್ತಿದ್ದರು.

ಶ್ರಾವಣದಲ್ಲಿ ಯಾರದೋ ಮದುವೆಗೆಂದು ಗೋದಾ ಬೆಂಗಳೂರಿಗೆ ಬಂದವರು ಈ ಮನೆಗೂ ಬಂದರು. ಪರಮಶಿವಯ್ಯನವರು ಈ ಸಲ ಸ್ನಾನದ ಮನೆಗೆ ಓಡಲಿಲ್ಲ. ಹಿತ್ತಲಲ್ಲಿ, ಗೋಡೆಯ ಹತ್ತಿರ, ಬಳ್ಳಿಯಿಲ್ಲದ ತಂತಿಯ ಕೆಳಗೆ ಕೈಕಟ್ಟಿ ನಿಂತಿದ್ದರು. ಗೋದಾ ಹಿತ್ತಲ ಬಾಗಿಲಿನ ತನಕ ಬಂದರು. ಗೋಡೆ ನೋಡಿದರು, ತಂತಿ ನೋಡಿದರು, ಆಮೇಲೆ ಅವರ ಹಣೆ ನೋಡಿದರು.

"ಇದೇನಾ ಯಜಮಾನ್ರೇ?"

"ಹೂಂ ಕಣಮ್ಮ. ಇದೇ."



"ಬೆಳ್ಳಗೆ ಬಂದಿದೆ" ಎಂದು ಗೋದಾ, ಶೈಲಜಮ್ಮನಿಂದ ಕುಂಕುಮ ತೆಗೆದುಕೊಳ್ಳಲು ಒಳಗೆ ಹೋದರು.